ವೆಂಟಿಲೇಟರ್ ತೆಗೆಯುವ ನಿರ್ಧಾರ ಯಾರದ್ದು? ಘನತೆಯ ಸಾವಿನ ಕಾನೂನು ನಿಜಕ್ಕೂ ಏನು ಹೇಳುತ್ತದೆ

2025ರ ಜನವರಿ 30ರಂದು ಕರ್ನಾಟಕದ ಆರೋಗ್ಯ ಇಲಾಖೆ ಒಂದು ಸುತ್ತೋಲೆ ಹೊರಡಿಸಿತು. ಗುಣವಾಗುವ ಆಸೆಯೇ ಉಳಿದಿಲ್ಲದ ರೋಗಿಗೆ ಘನತೆಯಿಂದ ಸಾಯುವ ಹಕ್ಕಿದೆ, ಅಂಥ ಸಂದರ್ಭದಲ್ಲಿ ಆಸ್ಪತ್ರೆಗಳು ಹೇಗೆ ನಡೆದುಕೊಳ್ಳಬೇಕು ಎಂದು ಅದರಲ್ಲಿ ಹೇಳಿತ್ತು. ಸುದ್ದಿ ಬಾಯಿಂದ ಬಾಯಿಗೆ ಹೋಗುವಷ್ಟರಲ್ಲಿ ಅದು 'ರಾಜ್ಯದಲ್ಲಿ ದಯಾಮರಣಕ್ಕೆ ಅನುಮತಿ' ಎಂದಾಗಿಬಿಟ್ಟಿತು.

ಹಾಗೇನೂ ಇಲ್ಲ. ಜೀವ ತೆಗೆಯಲೆಂದೇ ಇಂಜೆಕ್ಷನ್ ಕೊಡುವುದು ಭಾರತದಲ್ಲಿ ಮೊದಲೂ ಅಪರಾಧ, ಈಗಲೂ ಅಪರಾಧ. ಡಾಕ್ಟರು ಕೊಟ್ಟರೂ ಅಷ್ಟೇ, ಮನೆಯವರು ಕೊಟ್ಟರೂ ಅಷ್ಟೇ. ರೋಗಿ ತಾನೇ ಕೈ ಮುಗಿದು ಕೇಳಿಕೊಂಡರೂ ಅದಕ್ಕೆ ದಾರಿಯಿಲ್ಲ. ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ದಯಾಮರಣದ ಹಕ್ಕಿಗಾಗಿ ಎರಡು ದಶಕಕ್ಕೂ ಹೆಚ್ಚು ಕಾಲ ಹೋರಾಡಿದವರು. ಸುತ್ತೋಲೆ ಬಂದಾಗ ಅವರ ಹೆಸರು ಮತ್ತೆ ಸುದ್ದಿಯಾಯಿತು. ಆದರೆ ಎಚ್ಚರವಿದ್ದು, ಮಾತಾಡುತ್ತಾ, 'ನನಗೆ ಸಾಕಾಗಿದೆ, ಕಳಿಸಿಕೊಡಿ' ಎನ್ನುವವರಿಗೆ ಈ ಸುತ್ತೋಲೆಯಲ್ಲಿ ಉತ್ತರವಿಲ್ಲ. ಆಗಿನ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಕೂಡ ಇದನ್ನು ದಯಾಮರಣದ ಜೊತೆ ಸೇರಿಸಿ ಗೊಂದಲ ಮಾಡಿಕೊಳ್ಳಬೇಡಿ ಎಂದೇ ಹೇಳಿದ್ದರು.

ಹಾಗಾದರೆ ಸುತ್ತೋಲೆ ಯಾರಿಗಾಗಿ? ಯಂತ್ರ, ನಳಿಕೆ, ಔಷಧಿಗಳ ಬಲದಿಂದಷ್ಟೇ ಉಸಿರು ಉಳಿದಿರುವವರಿಗಾಗಿ. ಇನ್ನು ಚೇತರಿಸಿಕೊಳ್ಳುವುದಿಲ್ಲ ಎಂದು ಡಾಕ್ಟರುಗಳಿಗೇ ಖಚಿತವಾಗಿರುವವರಿಗಾಗಿ. ಅಂಥವರಿಗೆ ಫಲ ಕೊಡದ ಚಿಕಿತ್ಸೆಯನ್ನು ಶುರು ಮಾಡದೇ ಇರಬಹುದು, ಶುರು ಮಾಡಿದ್ದರೆ ನಿಲ್ಲಿಸಬಹುದು. ಸಾವು ಬರುವುದು ರೋಗದಿಂದ. ಅದನ್ನು ಯಂತ್ರದಿಂದ ಮುಂದಕ್ಕೆ ತಳ್ಳುತ್ತಾ ಹೋಗುವುದನ್ನು ಬಿಡಬಹುದು, ಅಷ್ಟೇ.

ಐಸಿಯು ಒಳಗೆ ನಿಜಕ್ಕೂ ಏನು ನಡೆಯುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ವೆಂಟಿಲೇಟರ್ ಎಂದರೆ ಮೂಗಿಗೆ ಹಾಕುವ ಆಕ್ಸಿಜನ್ ಮಾಸ್ಕ್ ಎಂದುಕೊಂಡವರು ಜಾಸ್ತಿ. ಅದಲ್ಲ. ಬಾಯಿಯ ಮೂಲಕ ಗಂಟಲಿನಿಂದ ಶ್ವಾಸನಾಳಕ್ಕೆ ಒಂದು ಟ್ಯೂಬ್ ಇಳಿಸುತ್ತಾರೆ. ಅದು ಅಲ್ಲಿರುವಾಗ ಮಾತಾಡಲಾಗದು, ನುಂಗಲಾಗದು. ಎಚ್ಚರವಾದಾಗ ರೋಗಿ ಅದನ್ನು ಕಿತ್ತುಹಾಕಲು ನೋಡುತ್ತಾರೆ. ಅದಕ್ಕೇ ನಿದ್ದೆ ಬರಿಸುವ ಔಷಧಿ ಕೊಡುತ್ತಾರೆ. ಎಷ್ಟೋ ಸಲ ಕೈಗಳನ್ನು ಮಂಚದ ಕಂಬಿಗೆ ಬಟ್ಟೆಯಿಂದ ಕಟ್ಟುತ್ತಾರೆ. ಕಫ ತೆಗೆಯಲು ಆ ಟ್ಯೂಬಿನೊಳಗೆ ಇನ್ನೊಂದು ಸಣ್ಣ ನಳಿಕೆ ಹಾಕಿ ಎಳೆಯುತ್ತಾರೆ. ಆಗ ಪ್ರಜ್ಞೆ ಇಲ್ಲದವರ ಮೈಯೂ ಬೆಚ್ಚಿ ಬಿಲ್ಲಿನಂತೆ ಬಾಗುವುದುಂಟು. ಮೂಗಿನಿಂದ ಹೊಟ್ಟೆಗೆ ಊಟದ ನಳಿಕೆ, ಮೂತ್ರಕ್ಕೆ ಕ್ಯಾಥೆಟರ್, ಕುತ್ತಿಗೆಯ ರಕ್ತನಾಳಕ್ಕೆ ಔಷಧಿ ಹೋಗುವ ಒಂದು ಲೈನ್. ಮನೆಯವರಿಗೆ ದಿನಕ್ಕೆ ಒಂದೋ ಎರಡೋ ಸಲ, ಒಬ್ಬೊಬ್ಬರಿಗೇ ಕೆಲವೇ ನಿಮಿಷ ಪ್ರವೇಶ.

ನ್ಯುಮೋನಿಯಾ ಬಂದ 40 ವರ್ಷದವರಿಗೆ, ಹಾವು ಕಚ್ಚಿದ ಹುಡುಗನಿಗೆ, ಅಪಘಾತದಲ್ಲಿ ಪೆಟ್ಟಾದವರಿಗೆ ಇದೆಲ್ಲ ಸಹಿಸಬೇಕಾದ ಕಷ್ಟ. ಏಕೆಂದರೆ ಕೆಲವು ದಿನ ಕಳೆದರೆ ಅವರು ಎದ್ದು ಮನೆಗೆ ಹೋಗುವ ಸಾಧ್ಯತೆ ಇರುತ್ತದೆ. ವೆಂಟಿಲೇಟರ್ ಹಾಕಿದರೆ ಮುಗಿಯಿತು ಎನ್ನುವ ಮಾತು ಸುಳ್ಳು, ಅದು ದಿನವೂ ಜೀವ ಉಳಿಸುತ್ತಿದೆ. ಪ್ರಶ್ನೆ ಇರುವುದು ಕ್ಯಾನ್ಸರ್ ಮೈತುಂಬ ಹರಡಿ ಕೊನೆಯ ಹಂತಕ್ಕೆ ಬಂದವರ ವಿಷಯದಲ್ಲಿ. ಮೆದುಳು ಪೂರ್ತಿ ಹಾಳಾಗಿ ಇನ್ನು ಎಚ್ಚರವಾಗುವುದೇ ಇಲ್ಲ ಎನ್ನುವವರ ವಿಷಯದಲ್ಲಿ. ಒಂದರ ಹಿಂದೊಂದು ಅಂಗ ಕೈಕೊಟ್ಟ ವೃದ್ಧರ ವಿಷಯದಲ್ಲಿ.

ಇಲ್ಲಿ ಬ್ರೈನ್ ಡೆತ್ ಬಗ್ಗೆಯೂ ಹೇಳಿಬಿಡಬೇಕು, ಅದೊಂದು ದೊಡ್ಡ ಗೊಂದಲ. ಕೋಮಾದಲ್ಲಿರುವವರು ಬದುಕಿದ್ದಾರೆ, ಕೆಲವರು ಎಚ್ಚರಗೊಳ್ಳುತ್ತಾರೆ. ಕಣ್ಣು ಬಿಟ್ಟಿದ್ದರೂ ಸುತ್ತಲಿನ ಅರಿವಿಲ್ಲದೆ ವರ್ಷಗಟ್ಟಲೆ ಮಲಗಿರುವವರೂ ಇದ್ದಾರೆ. ಅವರ ಉಸಿರು ತಾನಾಗಿಯೇ ಆಡುತ್ತಿರುತ್ತದೆ. ಬ್ರೈನ್ ಡೆತ್ ಬೇರೆ. ಉಸಿರನ್ನು ನಡೆಸುವ ಮೆದುಳಿನ ಕಾಂಡವೇ ಸತ್ತಿರುತ್ತದೆ. ಅಲ್ಲಿಂದ ಯಾರೂ ಮರಳುವುದಿಲ್ಲ. 1994ರ ಅಂಗಾಂಗ ಕಸಿ ಕಾಯ್ದೆ ಇದನ್ನು ಸಾವು ಎಂದು ಒಪ್ಪಿದೆ, ಅಂಗದಾನ ನಡೆಯುವುದೂ ಇದರ ಆಧಾರದ ಮೇಲೆಯೇ. ವೆಂಟಿಲೇಟರಿನಿಂದಾಗಿ ಎದೆ ಏರಿಳಿಯುತ್ತಿರುವುದನ್ನು, ಮೈ ಬೆಚ್ಚಗಿರುವುದನ್ನು ಕಂಡ ಮನೆಯವರಿಗೆ ಇದನ್ನು ನಂಬುವುದು ಎಷ್ಟು ಕಷ್ಟ ಎಂದು ಬಿಡಿಸಿ ಹೇಳಬೇಕಿಲ್ಲ.

ಈಗ ಕಾನೂನಿನ ಕಥೆಗೆ ಬರೋಣ. ಅದು ಶುರುವಾಗುವುದು ಉತ್ತರ ಕನ್ನಡದ ಹಳದೀಪುರದಿಂದ ಮುಂಬೈಗೆ ನರ್ಸ್ ಕೆಲಸಕ್ಕೆ ಹೋದ ಒಬ್ಬ ಹೆಣ್ಣುಮಗಳಿಂದ. ಅರುಣಾ ಶಾನಭಾಗ್ ಕೆಇಎಂ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದರು. 1973ರ ನವೆಂಬರಿನಲ್ಲಿ ಅದೇ ಆಸ್ಪತ್ರೆಯ ವಾರ್ಡ್ ಬಾಯ್ ಒಬ್ಬ ಅವರ ಮೇಲೆ ಎರಗಿ, ನಾಯಿಯ ಸರಪಳಿಯಿಂದ ಕುತ್ತಿಗೆ ಬಿಗಿದ. ಮೆದುಳಿಗೆ ಆಮ್ಲಜನಕ ನಿಂತುಹೋಯಿತು. ಅಲ್ಲಿಂದ 2015ರ ಮೇ 18ರವರೆಗೆ, ಸುಮಾರು 42 ವರ್ಷ, ಅವರು ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ಪತ್ರಕರ್ತೆ ಪಿಂಕಿ ವಿರಾನಿ ಸುಪ್ರೀಂ ಕೋರ್ಟಿಗೆ ಹೋಗಿ, ಅರುಣಾ ಅವರಿಗೆ ಉಣಿಸುವುದನ್ನು ನಿಲ್ಲಿಸಿ ಬಿಡುಗಡೆ ಕೊಡಿ ಎಂದು ಕೇಳಿಕೊಂಡರು. ಆದರೆ ತಲೆಮಾರಿನಿಂದ ತಲೆಮಾರಿಗೆ ಅವರನ್ನು ನೋಡಿಕೊಂಡು ಬಂದಿದ್ದ ನರ್ಸ್‌ಗಳು ಬೇಡವೇ ಬೇಡ ಎಂದರು. ಅವರೇ ಮೆತ್ತಗೆ ಮಾಡಿದ ಊಟ ಉಣಿಸುತ್ತಿದ್ದರು, ಮಗ್ಗುಲು ಬದಲಿಸುತ್ತಿದ್ದರು. 2011ರ ಮಾರ್ಚ್ 7ರಂದು ಕೋರ್ಟು ಆ ಅರ್ಜಿಯನ್ನು ತಳ್ಳಿಹಾಕಿತು. ನರ್ಸ್‌ಗಳೇ ಅರುಣಾ ಅವರ ನಿಜವಾದ ಬಂಧುಗಳು, ಅವರ ಮಾತೇ ಮುಖ್ಯ ಎಂದಿತು. ಅದೇ ತೀರ್ಪಿನಲ್ಲಿ ಇನ್ನೊಂದು ಬಾಗಿಲನ್ನೂ ತೆರೆಯಿತು. ಗುಣವಾಗದ ರೋಗಿಯ ಜೀವರಕ್ಷಕ ಚಿಕಿತ್ಸೆಯನ್ನು ಹೈಕೋರ್ಟಿನ ಅನುಮತಿ ಪಡೆದು ನಿಲ್ಲಿಸಬಹುದು ಎಂದು ಮೊದಲ ಸಲ ಹೇಳಿತು.

ಆದರೆ ಐಸಿಯು ಹೊರಗೆ ಕೂತ ಬಡ ಕುಟುಂಬ ಹೈಕೋರ್ಟಿಗೆ ಹೋಗುವುದುಂಟೇ? 2018ರ ಮಾರ್ಚ್ 9ರಂದು ಐದು ನ್ಯಾಯಮೂರ್ತಿಗಳ ಪೀಠ ಮುಂದಿನ ಹೆಜ್ಜೆ ಇಟ್ಟಿತು. ಕಾಮನ್ ಕಾಸ್ ಎಂಬ ಸಂಸ್ಥೆ ಹಾಕಿದ್ದ ಪ್ರಕರಣ ಅದು. ಘನತೆಯಿಂದ ಸಾಯುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನಲ್ಲೇ ಸೇರಿದೆ, ಯಾರು ಬೇಕಾದರೂ ಮುಂಚಿತವಾಗಿ 'ಲಿವಿಂಗ್ ವಿಲ್', ಅಂದರೆ ಮುಂದೆ ಮಾತಾಡಲಾಗದ ಸ್ಥಿತಿ ಬಂದರೆ ತನಗೆ ಯಾವ ಚಿಕಿತ್ಸೆ ಬೇಡ ಎಂಬ ಬರಹ, ಬರೆದಿಡಬಹುದು ಎಂದು ಪೀಠ ಹೇಳಿತು. ಮಾತು ದೊಡ್ಡದು. ಆದರೆ ವಿಧಾನ ಎಷ್ಟು ತೊಡಕಾಗಿತ್ತೆಂದರೆ, ಅದು ಹೆಚ್ಚಾಗಿ ಕಾಗದದಲ್ಲೇ ಉಳಿಯಿತು. ವಿಲ್‌ಗೆ ಮ್ಯಾಜಿಸ್ಟ್ರೇಟ್ ಸಹಿ ಬೇಕಿತ್ತು. ಡಾಕ್ಟರುಗಳ ಮಂಡಳಿಯಲ್ಲಿ ಇರುವವರಿಗೆ 20 ವರ್ಷದ ಅನುಭವ ಬೇಕಿತ್ತು. ಎರಡನೇ ಮಂಡಳಿಯನ್ನು ಜಿಲ್ಲಾಧಿಕಾರಿ ರಚಿಸಬೇಕಿತ್ತು. ಕೊನೆಗೆ ಮ್ಯಾಜಿಸ್ಟ್ರೇಟರೇ ಆಸ್ಪತ್ರೆಗೆ ಬಂದು ರೋಗಿಯನ್ನು ನೋಡಬೇಕಿತ್ತು. ಇಷ್ಟೆಲ್ಲ ಆಗುವವರೆಗೆ ಸಾವು ಕಾಯುತ್ತದೆಯೇ?

ಐಸಿಯುಗಳಲ್ಲಿ ದಿನವೂ ಇದನ್ನು ಕಾಣುವ ಡಾಕ್ಟರುಗಳ ಸಂಘವೇ ಮತ್ತೆ ಕೋರ್ಟಿಗೆ ಹೋಯಿತು. 2023ರ ಜನವರಿ 24ರಂದು ವಿಧಾನ ಸರಳವಾಯಿತು. ಕರ್ನಾಟಕದ ಸುತ್ತೋಲೆ ಈ 2023ರ ಆದೇಶವನ್ನು ಜಾರಿಗೆ ತರುವ ಕೆಲಸ ಮಾಡಿದೆ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ತಿಪಟೂರು ಕಡೆಯ 76 ವರ್ಷದ ಒಬ್ಬ ಅಜ್ಜಿ ಎಂದುಕೊಳ್ಳಿ. ಹೊಟ್ಟೆಯ ಕ್ಯಾನ್ಸರ್ ಯಕೃತ್ತಿಗೆ ಹರಡಿದೆ. ಉಸಿರಾಟ ಕೆಟ್ಟು ತುಮಕೂರಿನ ಆಸ್ಪತ್ರೆಗೆ ಸೇರಿಸಿದ್ದಾರೆ, ವೆಂಟಿಲೇಟರ್ ಹಾಕಿದ್ದಾರೆ. ಹನ್ನೆರಡು ದಿನವಾಯಿತು. ಕಿಡ್ನಿಯೂ ಕೈಕೊಟ್ಟಿದೆ, ಪ್ರಜ್ಞೆಯಿಲ್ಲ. ಮೊದಲು ಆಸ್ಪತ್ರೆಯ ಪ್ರಾಥಮಿಕ ಮಂಡಳಿ ಕೂರುತ್ತದೆ. ಅದರಲ್ಲಿ ಚಿಕಿತ್ಸೆ ಕೊಡುತ್ತಿರುವ ಡಾಕ್ಟರು, ಜೊತೆಗೆ ಕನಿಷ್ಠ ಐದು ವರ್ಷ ಅನುಭವವಿರುವ ಇಬ್ಬರು ತಜ್ಞರು. ಚಿಕಿತ್ಸೆ ಮುಂದುವರಿಸಿ ಪ್ರಯೋಜನವಿಲ್ಲ ಎಂದು ಅವರಿಗೆ ಅನ್ನಿಸಿದರೆ ಮಗ ಮಗಳ ಜೊತೆ ಕೂತು ಮಾತಾಡುತ್ತಾರೆ. ಅಜ್ಜಿ ಲಿವಿಂಗ್ ವಿಲ್ ಬರೆದಿದ್ದರೆ ಅದರಲ್ಲಿ ಹೆಸರಿಸಿದವರ ಒಪ್ಪಿಗೆ ಬೇಕು. ಬರೆದಿಲ್ಲದಿದ್ದರೆ ಹತ್ತಿರದ ಬಂಧುಗಳ ಒಪ್ಪಿಗೆ ಬೇಕು. ಆಮೇಲೆ ಎರಡನೇ ಮಂಡಳಿ. ಇದರಲ್ಲಿ ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸಿದ ಒಬ್ಬ ಡಾಕ್ಟರು, ಮೊದಲ ಮಂಡಳಿಯಲ್ಲಿ ಇಲ್ಲದ ಇಬ್ಬರು ತಜ್ಞರು ಇರುತ್ತಾರೆ. ಎರಡೂ ಮಂಡಳಿಗಳು ಸಾಧ್ಯವಾದಷ್ಟು 48 ಗಂಟೆಯೊಳಗೆ ಅಭಿಪ್ರಾಯ ಕೊಡಬೇಕು. ಎರಡೂ ಒಪ್ಪಿದರೆ ಆಸ್ಪತ್ರೆ ಮ್ಯಾಜಿಸ್ಟ್ರೇಟರಿಗೆ ತಿಳಿಸುತ್ತದೆ. ಗಮನಿಸಿ, ತಿಳಿಸುವುದಷ್ಟೇ. ಅವರ ಅನುಮತಿಗೆ ಕಾಯಬೇಕಿಲ್ಲ. ಅವರು ಅದನ್ನು ದಾಖಲೆಗಾಗಿ ಹೈಕೋರ್ಟ್ ರಿಜಿಸ್ಟ್ರಾರ್‌ಗೆ ಕಳಿಸುತ್ತಾರೆ. ಮಂಡಳಿ ಒಪ್ಪದಿದ್ದರೆ ಕುಟುಂಬ ಹೈಕೋರ್ಟಿಗೆ ಹೋಗಬಹುದು.

ಇದರಲ್ಲಿ ಒಬ್ಬರ ಮಾತಿನ ಮೇಲೆ ಏನೂ ನಡೆಯುವುದಿಲ್ಲ. ಆಸ್ತಿಯ ಆಸೆಗೆ ಅಪ್ಪನನ್ನು ಕಳಿಸಿಬಿಡುವ ಮಗ ಎಂಬ ಭಯ ಹಲವರಿಗಿದೆ. ಆ ಭಯಕ್ಕೆ ಕಾರಣವಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಮನೆಯವರು ಎಷ್ಟೇ ಒತ್ತಾಯಿಸಿದರೂ, ಎರಡು ಮಂಡಳಿಗಳ ಆರು ಡಾಕ್ಟರುಗಳು ಒಪ್ಪದೆ ಟ್ಯೂಬ್ ತೆಗೆಯುವಂತಿಲ್ಲ.

ಲಿವಿಂಗ್ ವಿಲ್ ಬರೆಯುವುದು ಈಗ ಅಷ್ಟೇನೂ ಕಷ್ಟವಲ್ಲ. 18 ತುಂಬಿರಬೇಕು, ಬುದ್ಧಿ ಸ್ಥಿಮಿತವಿರಬೇಕು, ಯಾರ ಒತ್ತಾಯವೂ ಇರಬಾರದು. ಯಾವ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಡ ಎಂಬುದನ್ನು ಬರಹದಲ್ಲಿ ಸ್ಪಷ್ಟವಾಗಿ ಇಡಬೇಕು. ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಮುಂದೆ ದೃಢೀಕರಿಸಬೇಕು. ನಮಗೆ ಮಾತಾಡಲಾಗದ ದಿನ ನಮ್ಮ ಪರವಾಗಿ ನಿರ್ಧರಿಸುವವರನ್ನು ಹೆಸರಿಸಬೇಕು. ಕರ್ನಾಟಕದ ಸುತ್ತೋಲೆ ಕನಿಷ್ಠ ಇಬ್ಬರ ಹೆಸರು ಕೇಳುತ್ತದೆ. ಒಂದು ಪ್ರತಿ ಅವರ ಹತ್ತಿರ, ಒಂದು ನಿಮ್ಮ ಖಾಯಂ ಡಾಕ್ಟರ ಹತ್ತಿರ ಇರಲಿ. ಇನ್ನೊಂದನ್ನು ಸ್ಥಳೀಯ ಸಂಸ್ಥೆಯ ನಿಗದಿತ ಅಧಿಕಾರಿಗೆ ಕೊಡಬೇಕು. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಬರೆದು ರದ್ದು ಮಾಡಬಹುದು. ಗೋವಾದಲ್ಲಿ 2024ರಲ್ಲಿ ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿ ಎಂ.ಎಸ್. ಸೋನಕ್ ಅವರೇ ಆ ರಾಜ್ಯದ ಮೊದಲ ಲಿವಿಂಗ್ ವಿಲ್ ನೋಂದಾಯಿಸಿದರು.

ಹಿರಿಯರಿಗೆ ಇದರ ಬಗ್ಗೆ ಹೇಳಿದಾಗ ಬರುವ ಮೊದಲ ಅಂಜಿಕೆ, 'ಬರೆದುಕೊಟ್ಟರೆ ಜ್ವರ ಬಂದಾಗಲೂ ಔಷಧಿ ಕೊಡದೆ ಬಿಟ್ಟುಬಿಡ್ತಾರೋ ಏನೋ' ಎಂಬುದು. ಖಂಡಿತ ಇಲ್ಲ. ನೀವು ಮಾತಾಡಬಲ್ಲಿರಿ ಎಂದಾದರೆ ಆ ಕಾಗದಕ್ಕೆ ಕೆಲಸವೇ ಇಲ್ಲ, ನಿಮ್ಮನ್ನೇ ಕೇಳುತ್ತಾರೆ. ಗುಣವಾಗುವ ಕಾಯಿಲೆಗೂ ಅದು ಅನ್ವಯಿಸುವುದಿಲ್ಲ.

ಇಷ್ಟಾದರೂ ಎಷ್ಟೋ ಡಾಕ್ಟರುಗಳು ಹಿಂಜರಿಯುತ್ತಾರೆ. ಕೇಂದ್ರ ಆರೋಗ್ಯ ಸಚಿವಾಲಯ 2024ರ ಸೆಪ್ಟೆಂಬರಿನಲ್ಲಿ ಜೀವರಕ್ಷಕ ಚಿಕಿತ್ಸೆ ಹಿಂತೆಗೆಯುವ ಬಗ್ಗೆ ಕರಡು ಮಾರ್ಗಸೂಚಿ ಹೊರತಂದಾಗ ಭಾರತೀಯ ವೈದ್ಯಕೀಯ ಸಂಘವೇ ಆಕ್ಷೇಪ ಎತ್ತಿತು. ಪ್ರತಿ ನಿರ್ಧಾರವನ್ನೂ ಹೀಗೆ ಕಾಗದಕ್ಕಿಳಿಸಿದರೆ ಡಾಕ್ಟರುಗಳು ಕಾನೂನಿನ ಕಣ್ಣಿಗೆ ಗುರಿಯಾಗುತ್ತಾರೆ, ಅವರ ಮೇಲೆ ಒತ್ತಡ ಜಾಸ್ತಿಯಾಗುತ್ತದೆ ಎಂಬುದು ಅವರ ವಾದ. ಅವರ ಆತಂಕ ನನಗೆ ಅರ್ಥವಾಗುತ್ತದೆ. ಮಗ ಒಪ್ಪಿ ಸಹಿ ಹಾಕಿದ ಮೇಲೆ ದುಬೈಯಿಂದ ಬಂದ ಇನ್ನೊಬ್ಬ ಮಗ ಗಲಾಟೆ ತೆಗೆಯಬಹುದು. ಪೊಲೀಸ್ ಠಾಣೆಗೆ ಅಲೆಯಬೇಕಾಗಬಹುದು. ಸಂಸತ್ತು ಇದುವರೆಗೆ ಈ ಬಗ್ಗೆ ಕಾಯ್ದೆ ಮಾಡಿಲ್ಲ. 2016ರಲ್ಲಿ ಒಂದು ಕರಡು ಮಸೂದೆ ಬಂದು ಅಲ್ಲೇ ನಿಂತಿತು. ಎಲ್ಲವೂ ಕೋರ್ಟಿನ ತೀರ್ಪಿನ ಮೇಲೆಯೇ ನಡೆಯುತ್ತಿದೆ. ಆದರೂ ನನ್ನ ಅಭಿಪ್ರಾಯದಲ್ಲಿ ಬರಹಕ್ಕಿಳಿಯದ ನಿರ್ಧಾರವೇ ಡಾಕ್ಟರಿಗೆ ಹೆಚ್ಚು ಅಪಾಯ. ಪಿಸುಮಾತಿನಲ್ಲಿ ಆದ ಒಪ್ಪಂದವನ್ನು ಆಮೇಲೆ ಯಾರು ಬೇಕಾದರೂ ಅಲ್ಲಗಳೆಯಬಹುದು ಅಲ್ವಾ?

ಆ ಪಿಸುಮಾತೇ ಇವತ್ತಿನ ನಿಜವಾದ ಸ್ಥಿತಿ. ಇಡೀ ಚರ್ಚೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದೂ ಇದೇ. ನಮ್ಮಲ್ಲಿ ಸಾವಿನ ಹಾಸಿಗೆಯ ನಿರ್ಧಾರಗಳು ಮಂಡಳಿಯಲ್ಲಿ ಆಗುತ್ತಿಲ್ಲ, ಬಿಲ್ಲಿಂಗ್ ಕೌಂಟರ್ ಎದುರು ಆಗುತ್ತಿವೆ. ದಿನದ ಬಿಲ್ ಏರುತ್ತಾ ಹೋಗುತ್ತದೆ. ಆಯುಷ್ಮಾನ್ ಕಾರ್ಡಿನ ಮಿತಿ ಮುಗಿದಿರುತ್ತದೆ ಅಥವಾ ಆ ಆಸ್ಪತ್ರೆಯಲ್ಲಿ ಅದು ನಡೆಯುವುದಿಲ್ಲ. ಒಡವೆ ಅಡ ಇಟ್ಟಾಗಿದೆ, ತೋಟದ ಮೇಲೆ ಸಾಲ ಎತ್ತಿದ್ದಾಗಿದೆ. ಕೊನೆಗೆ ಒಂದು ದಿನ ಮನೆಯವರು 'ಕರ್ಕೊಂಡು ಹೋಗ್ತೀವಿ ಸಾರ್' ಎನ್ನುತ್ತಾರೆ. ಆಸ್ಪತ್ರೆ ಒಂದು ಫಾರಂ ಮುಂದಿಡುತ್ತದೆ: ವೈದ್ಯರ ಸಲಹೆಗೆ ವಿರುದ್ಧವಾಗಿ ಬಿಡುಗಡೆ. ಸಹಿ ಮಗನದು. ಆಂಬುಲೆನ್ಸಿನಲ್ಲಿ ಒಬ್ಬರು ಕೈಯಿಂದ ರಬ್ಬರ್ ಚೀಲ ಒತ್ತುತ್ತಾ ಉಸಿರು ಕೊಡುತ್ತಾರೆ. ಮನೆಯ ಜಗುಲಿಯಲ್ಲಿ ಮಲಗಿಸಿ ಟ್ಯೂಬ್ ಎಳೆಯುತ್ತಾರೆ. ನೋವಿಗೆ, ಉಸಿರುಗಟ್ಟುವ ಸಂಕಟಕ್ಕೆ ಅಲ್ಲಿ ಒಂದು ಇಂಜೆಕ್ಷನ್ ಕೂಡ ಇರುವುದಿಲ್ಲ. ಅಮ್ಮನನ್ನು ನಾನೇ ಕೊಂದೆನೇನೋ ಎಂಬ ಕೊರಗು ಆ ಮಗನಿಗೆ ಜೀವನಪೂರ್ತಿ.

ಚಿಕಿತ್ಸೆ ನಿಲ್ಲಿಸುವುದು ಸರಿ ಎಂದು ಡಾಕ್ಟರಿಗೂ ಗೊತ್ತಿರುತ್ತದೆ, ಆದರೆ ಫಾರಂ ಮಾತ್ರ 'ಸಲಹೆಗೆ ವಿರುದ್ಧ' ಎನ್ನುತ್ತದೆ. ಹೊಣೆ ಪೂರ್ತಿ ಕುಟುಂಬದ ಹೆಗಲಿಗೆ. 2023ರ ವಿಧಾನದ ನಿಜವಾದ ಬೆಲೆ ಇಲ್ಲಿದೆ. ಅದು ಹೊಣೆಯನ್ನು ಡಾಕ್ಟರುಗಳ ಮೇಲೂ ಹಾಕುತ್ತದೆ. ಟ್ಯೂಬ್ ತೆಗೆಯುವುದೇ ಆದರೆ ಆಸ್ಪತ್ರೆಯಲ್ಲೇ ತೆಗೆಯಬಹುದು. ಮೊದಲೇ ಮಾರ್ಫಿನ್ ಎಂಬ ಬಲವಾದ ನೋವಿನ ಔಷಧಿ ಕೊಟ್ಟು ಸಂಕಟ ತಗ್ಗಿಸಬಹುದು. ಮಕ್ಕಳು ಮೊಮ್ಮಕ್ಕಳು ಪಕ್ಕದಲ್ಲಿ ಕೂತು ಕೈ ಹಿಡಿದುಕೊಳ್ಳಬಹುದು, ಬಾಯಿಗೆ ತುಳಸಿ ನೀರು ಬಿಡಬಹುದು.

ಹಾಗೆಂದು ದುಡ್ಡಿನ ಪ್ರಶ್ನೆ ಇದರಿಂದ ಮಾಯವಾಗುವುದಿಲ್ಲ. ಉಳಿಯಬಲ್ಲ ರೋಗಿಯನ್ನು ದುಡ್ಡಿಲ್ಲವೆಂದು ಮನೆಗೆ ಒಯ್ಯುವುದನ್ನು ಘನತೆಯ ಸಾವು ಎನ್ನಲಾಗದು. ಅದು ವ್ಯವಸ್ಥೆ ಮಾಡಿದ ಅನ್ಯಾಯ. ಅಂಗವಿಕಲರ ಸಂಘಟನೆಗಳು ಜಗತ್ತಿನೆಲ್ಲೆಡೆ ಎತ್ತುವ ಪ್ರಶ್ನೆಯನ್ನೂ ಇಲ್ಲೇ ಕೇಳಬೇಕು: ಯಾರ ಬದುಕು ಬದುಕಲು ಯೋಗ್ಯ ಎಂದು ನಿರ್ಧರಿಸುವವರು ಯಾರು? ಹಾಸಿಗೆ ಹಿಡಿದವರು ಮನೆಗೆ ಭಾರ ಎಂಬ ಭಾವನೆ ಬಲವಾಗಿರುವ ಸಮಾಜದಲ್ಲಿ 'ನನ್ನ ಇಚ್ಛೆ' ಎಂದು ಬರೆದದ್ದು ನಿಜಕ್ಕೂ ಇಚ್ಛೆಯೋ, ಮಕ್ಕಳಿಗೆ ತೊಂದರೆ ಬೇಡವೆಂಬ ಸಂಕೋಚವೋ? ಇದಕ್ಕೆ ಪೂರ್ತಿ ಉತ್ತರ ಯಾವ ಮಂಡಳಿಯ ಬಳಿಯೂ ಇಲ್ಲ. ಅದಕ್ಕೇ ಅರುಣಾ ಅವರ ನರ್ಸ್‌ಗಳ ಹಟ ನನಗೆ ಇವತ್ತಿಗೂ ದೊಡ್ಡದಾಗಿ ಕಾಣುತ್ತದೆ.

ಧರ್ಮದ ವಿಷಯವನ್ನೂ ಕೆಲವರು ತರುತ್ತಾರೆ. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ ಸಲ್ಲೇಖನ, ಅಂದರೆ ಸಾಯುವವರೆಗೆ ಉಪವಾಸವಿರುವ ಜೈನ ವ್ರತ, ಕೈಗೊಂಡವರನ್ನು ನೆನೆಯುವ ಶಾಸನಗಳು ಶತಮಾನಗಳಿಂದ ಇವೆ. 2015ರಲ್ಲಿ ರಾಜಸ್ಥಾನ ಹೈಕೋರ್ಟ್ ಆ ಆಚರಣೆಯನ್ನು ಆತ್ಮಹತ್ಯೆಗೆ ಸಮ ಎಂದಾಗ ಸುಪ್ರೀಂ ಕೋರ್ಟ್ ಅದೇ ತಿಂಗಳು ತಡೆ ಕೊಟ್ಟಿತು. ಆದರೆ ಅದು ವ್ರತ. ಇಲ್ಲಿ ಹೇಳುತ್ತಿರುವುದು ಆಸ್ಪತ್ರೆಯ ಚಿಕಿತ್ಸೆ. ಎರಡನ್ನೂ ಬೆರೆಸದಿದ್ದರೆ ಒಳ್ಳೆಯದು.

ಇನ್ನು ಚಿಕಿತ್ಸೆ ನಿಲ್ಲಿಸಿದರೆ ಆರೈಕೆಯೂ ನಿಲ್ಲುತ್ತದೆ ಎಂದುಕೊಂಡಿರುವವರು ಬಹಳ. ಆಗಬೇಕಾದದ್ದು ಅದರ ತದ್ವಿರುದ್ಧ. ಪ್ಯಾಲಿಯೇಟಿವ್ ಕೇರ್ ಎನ್ನುವುದು ನೋವು, ಉಬ್ಬಸ, ವಾಂತಿ, ಹಾಸಿಗೆ ಹುಣ್ಣು, ಭಯ ಇವನ್ನೆಲ್ಲ ತಗ್ಗಿಸುವ ವೈದ್ಯಕೀಯ ವಿಭಾಗ. ಕೇರಳ 2008ರಲ್ಲೇ ಇದಕ್ಕೊಂದು ನೀತಿ ಮಾಡಿ, ಪಂಚಾಯಿತಿಗಳ ಮೂಲಕ ಮನೆ ಬಾಗಿಲಿಗೆ ನರ್ಸ್‌ಗಳನ್ನು ಕಳಿಸಿತು. ನಮ್ಮಲ್ಲಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಈ ವಿಭಾಗವಿದೆ. ಮಾರತ್ತಹಳ್ಳಿ ಬಳಿಯ ಕರುಣಾಶ್ರಯ 1999ರಿಂದ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಒಂದು ರೂಪಾಯಿ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಿದೆ. ಬೆಂಗಳೂರು ದಾಟಿದರೆ ಇಂಥ ವ್ಯವಸ್ಥೆ ಹುಡುಕಬೇಕು. ಮಾರ್ಫಿನ್ ಸಿಗಲಿ ಎಂದು ಮಾದಕ ವಸ್ತು ಕಾಯ್ದೆಗೆ 2014ರಲ್ಲೇ ತಿದ್ದುಪಡಿ ಮಾಡಿದರು. ಮಾರ್ಫಿನ್ ದುಬಾರಿ ಔಷಧಿಯೂ ಅಲ್ಲ. ಅದನ್ನು ಇಟ್ಟುಕೊಳ್ಳುವ ಆಸ್ಪತ್ರೆ, ಬರೆದುಕೊಡಲು ಕಲಿತ ಡಾಕ್ಟರು ತಾಲ್ಲೂಕು ಮಟ್ಟದಲ್ಲಿ ಸಿಗುವುದೇ ಕಷ್ಟ. ಮಂಡಳಿಗಳ ಕಥೆಯೂ ಹೀಗೇ ಆಗಬಹುದು. ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಐದಾರು ತಜ್ಞರನ್ನು ಕೂರಿಸುವುದು ಸುಲಭ. ಯಾದಗಿರಿಯಲ್ಲಿ, ಚಾಮರಾಜನಗರದಲ್ಲಿ ಅದೇ ತಜ್ಞರನ್ನು ಎಲ್ಲಿಂದ ತರುವುದು?

ಮನೆಯಲ್ಲಿ ವಯಸ್ಸಾದವರಿದ್ದರೆ, ಅಥವಾ ಯಾರಿಗಾದರೂ ವಾಸಿಯಾಗದ ಕಾಯಿಲೆ ಇದ್ದರೆ, ಮುಂದಿನ ಸಲ ಒಪಿಡಿಗೆ ಹೋದಾಗ ಡಾಕ್ಟರನ್ನು ಮೂರು ವಿಷಯ ಕೇಳಿ. ಈ ಕಾಯಿಲೆ ಮುಂದೆ ಹೇಗೆ ಬೆಳೆಯುತ್ತದೆ? ಉಸಿರಾಟಕ್ಕೆ ತೊಂದರೆಯಾಗಿ ವೆಂಟಿಲೇಟರ್ ಹಾಕಬೇಕಾಗಿ ಬಂದರೆ ಅದರಿಂದ ಹೊರಬರುವ ಸಾಧ್ಯತೆ ಎಷ್ಟು? ಹಾಕದಿದ್ದರೆ ಸಂಕಟ ಕಡಿಮೆ ಮಾಡಲು ಈ ಊರಲ್ಲೇ ಏನೇನು ಸಿಗುತ್ತದೆ? ರೋಗಿಗೆ ಕೇಳಿಸಿಕೊಳ್ಳುವ ಮನಸ್ಸಿದ್ದರೆ ಅವರನ್ನು ಎದುರಿಗೆ ಕೂರಿಸಿಕೊಂಡೇ ಕೇಳಿ, ಅವರ ಮಾತನ್ನೂ ಕೇಳಿ. ಡಾಕ್ಟರು ಹೇಳಿದ್ದನ್ನು ಫೈಲಿನಲ್ಲಿ ಬರೆಸಿಕೊಳ್ಳಿ. ಎದೆ ಬಡಿತ ನಿಂತಾಗ ಸಿಪಿಆರ್ (ಎದೆ ಒತ್ತಿ ಬಡಿತ ಮರಳಿಸುವ ಯತ್ನ) ಬೇಡ ಎಂದು ಮೊದಲೇ ನಿರ್ಧರಿಸುವುದು ಹೇಗೆ ಎಂಬುದಕ್ಕೂ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಮಾರ್ಗಸೂಚಿ ಕೊಟ್ಟಿದೆ, ಅದನ್ನೂ ವಿಚಾರಿಸಿ. ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುವ ಮಕ್ಕಳಿಗೆ ಫೋನ್ ಮಾಡಿ ಇದನ್ನೆಲ್ಲ ಆಗಲೇ ತಿಳಿಸಿಬಿಡಿ. ಐಸಿಯು ಬಾಗಿಲಲ್ಲಿ ರಾತ್ರಿ ಎರಡು ಗಂಟೆಗೆ ಮೊದಲ ಸಲ ಈ ವಿಷಯ ಎತ್ತಿದರೆ ಯಾರಿಗೂ ನೆಟ್ಟಗೆ ಯೋಚಿಸಲು ಆಗುವುದಿಲ್ಲ.